ಹತ್ತು ವರ್ಷದ ಮಗಳಿಗೆ ಯಾವ ಕ್ಯಾಮೆರಾ ಕೊಡಿಸಲಿ, ಕಲಿಸೋದು ಹೇಗೆ?

ಪ್ರಶ್ನೆ: ನಮ್ಮದು ಶಿವಮೊಗ್ಗ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ನನ್ನ ಮೊಬೈಲ್ ಕೈಗೆ ಸಿಕ್ಕಿದ್ರೆ ಸಾಕು, ಹಿತ್ತಲಿಗೆ ಬರೋ ಹಕ್ಕಿಗಳ ಫೋಟೋ ತೆಗೀತಾ ಇರ್ತಾಳೆ, ಎಲ್ಲಾ ಚುಕ್ಕಿ ಥರ ಬರತ್ತೆ ಅಂತ ಬೇಜಾರು ಮಾಡ್ಕೋತಾಳೆ. ಒಂದು ಕ್ಯಾಮೆರಾ ಕೊಡಿಸೋಣ ಅಂತಿದೀವಿ, 40 ಸಾವಿರದ ಒಳಗೆ ಆಗ್ಬೇಕು. ಅಂಗಡಿಯವರು ಹೊಸ ಮಿರರ್‌ಲೆಸ್ಸೇ ತಗೊಳ್ಳಿ ಮುಂದಕ್ಕೂ ಆಗತ್ತೆ ಅಂತಾರೆ. ನಮ್ಮನೆಯವರು ಆನ್‌ಲೈನಲ್ಲಿ ಮಕ್ಕಳ ಆಟದ ಕ್ಯಾಮೆರಾ ಎರಡು ಸಾವಿರಕ್ಕೆ ಸಿಗತ್ತೆ, ಅದೇ ಸಾಕು ಅಂತಾರೆ. ನಮ್ಮಿಬ್ರಿಗೂ ಫೋಟೋಗ್ರಫಿ ಏನೂ ಗೊತ್ತಿಲ್ಲ. ಯಾವುದು ತಗೊಳ್ಳೋದು, ಕಲಿಸೋದು ಹೇಗೆ, ಕ್ಲಾಸಿಗೆ ಸೇರಿಸಬೇಕಾ?

ಉತ್ತರ: ಮೇಡಂ, ಮೊದಲು ನೇರವಾಗಿ ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3400 ಅಥವಾ ಡಿ3500, ಅದರ ಜೊತೆ ಬರೋ 18-55 ಕಿಟ್ ಲೆನ್ಸು, ಜೊತೆಗೆ ಅದೇ ಕಂಪನಿಯ ಎಎಫ್-ಪಿ 70-300 ವಿಆರ್ ಲೆನ್ಸು. ಈ ನಂಬರ್‌ಗಳು ಲೆನ್ಸಿನ ಜೂಮಿನ ಅಳತೆ, ಎಂಎಂ ಲೆಕ್ಕದಲ್ಲಿ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣತ್ತೆ; ಎಎಫ್-ಪಿ ಅನ್ನೋದು ಲೆನ್ಸಿನ ಫೋಕಸ್ ಮೋಟರಿನ ಜಾತಿ. ಈ ಎರಡೂ ಕ್ಯಾಮೆರಾ ಮಾಡೆಲ್ ಈಗ ಹೊಸದಾಗಿ ತಯಾರಾಗ್ತಿಲ್ಲ, ಎಲ್ಲರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೋಗ್ತಿರೋದ್ರಿಂದ ಒಳ್ಳೊಳ್ಳೆ ಡಿಎಸ್ಎಲ್ಆರ್‌ಗಳು, ಅಂದ್ರೆ ಕನ್ನಡಿ ಇರೋ ಈ ಹಳೇ ಥರದ ಕ್ಯಾಮೆರಾಗಳು, ಕಮ್ಮಿ ಬೆಲೆಗೆ ಕೈ ಬದಲಾಗ್ತಾ ಇವೆ. ಸ್ವಲ್ಪ ತಾಳ್ಮೆಯಿಂದ ಹುಡುಕಿದ್ರೆ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ), ಎರಡು ಲೆನ್ಸು ಎಲ್ಲಾ ಸೇರಿ ನಿಮ್ಮ ಬಜೆಟ್ಟಿನ ಒಳಗೇ ಮುಗಿಯತ್ತೆ, ಒಂದಿಷ್ಟು ಉಳಿಯಲೂಬಹುದು. ಆ ಉಳಿದ ದುಡ್ಡು ಯಾತಕ್ಕೆ ಅಂತ ಆಮೇಲೆ ಹೇಳ್ತೀನಿ, ನನ್ನ ಪ್ರಕಾರ ಅದು ಕ್ಯಾಮೆರಾಗಿಂತ ಮುಖ್ಯ.

ಯಾಕೆ ಇದು ಅಂದ್ರೆ ಮೊದಲನೇದು ತೂಕ. ಡಿ3500 ಬ್ಯಾಟರಿ ಕಾರ್ಡ್ ಸೇರಿ ಸುಮಾರು 415 ಗ್ರಾಂ, ಕಿಟ್ ಲೆನ್ಸು ಇನ್ನೊಂದು 205, ಅದರ ಬದಲು ದೊಡ್ಡ ಲೆನ್ಸು ಹಾಕಿದ್ರೂ ಒಟ್ಟು 830 ಗ್ರಾಂ ಆಸುಪಾಸು ಅಷ್ಟೇ. ಹತ್ತು ವರ್ಷದ ಹುಡುಗಿ ಇಷ್ಟನ್ನ ಕಣ್ಣಿಗೆ ಹಿಡ್ಕೊಂಡು ಹಕ್ಕಿ ತಿರುಗೋವರೆಗೆ ಕಾಯಬಲ್ಲಳು. ಅದಕ್ಕಿಂತ ಭಾರದ್ದು ಕೊಟ್ರೆ ಎರಡು ನಿಮಿಷಕ್ಕೆ ಕೈ ಸೋತು ಕೆಳಗಿಳಿಸ್ತಾಳೆ, ಹಕ್ಕಿ ಆಗಲೇ ಏನಾದ್ರೂ ಮಾಡತ್ತೆ. ಮುಂದಕ್ಕೂ ಆಗತ್ತೆ ಅನ್ನೋ ಮಾತು ಇದೆಯಲ್ಲ, ಅದು ಯೂನಿಫಾರಂ ಎರಡು ಸೈಜ್ ದೊಡ್ಡದು ಹೊಲಿಸೋರ ಲೆಕ್ಕ. ಕ್ಯಾಮೆರಾ ಇವತ್ತು ಅವಳ ಕೈಗೆ ಸರಿ ಹೋಗ್ಬೇಕು. ತಗೊಳ್ಳೋಕೆ ಹೋಗುವಾಗ ಮಗಳನ್ನೂ ಕರ್ಕೊಂಡು ಹೋಗಿ, ಬಲಗೈಯಲ್ಲಿ ಗ್ರಿಪ್ ಹಿಡಿದಾಗ ತೋರುಬೆರಳು ಶಟರ್ ಬಟನ್ ಮೇಲೆ ಸಲೀಸಾಗಿ ಕೂರತ್ತಾ ನೋಡಿ. ಕ್ಯಾನನ್ 1500ಡಿ, 200ಡಿ ಕೂಡ ಒಳ್ಳೇವೇ, ಚೆನ್ನಾಗಿರೋದು ಸಿಕ್ಕಿದ್ರೆ 55-250 ಎಸ್‌ಟಿಎಂ ಲೆನ್ಸಿನ ಜೊತೆ ಕಣ್ಣು ಮುಚ್ಚಿ ತಗೋಬಹುದು. ನಾನು ನಿಕಾನ್ ಮೊದಲು ಹೇಳಿದ್ದು ಹಗುರ ಇದೆ ಅಂತ, ಮತ್ತೆ ಅದರ ಡಯಲ್‌ನಲ್ಲಿ ಗೈಡ್ ಅಂತ ಒಂದು ಮೋಡ್ ಇದೆ ಅಂತ. ದೂರದ ವಸ್ತು ತೆಗೀಬೇಕಾ, ಹಿನ್ನೆಲೆ ಮಸುಕಾಗಬೇಕಾ ಅಂತ ಅದೇ ಕೇಳಿ ಸೆಟ್ಟಿಂಗ್ ತೋರಿಸ್ತಾ ಹೋಗತ್ತೆ, ಅಪ್ಪ ಅಮ್ಮನಿಗೂ ಗೊತ್ತಿಲ್ಲ ಅನ್ನೋ ಮನೆಗೆ ಅದು ದೊಡ್ಡ ಸಹಾಯ.

ಆಟದ ಕ್ಯಾಮೆರಾ ಬೇಡ. ನಾಲ್ಕೈದು ವರ್ಷದ ಮಗುವಿಗಾದ್ರೆ ಸರಿ, ಬಟನ್ ಒತ್ತೋದೇ ಒಂದು ಖುಷಿ. ಡಬ್ಬದ ಮೇಲೆ ನಲವತ್ತು ಮೆಗಾಪಿಕ್ಸೆಲ್ ಅಂತ ಬರೆದಿರ್ತಾರೆ, ಒಳಗಿರೋದು ಕಡಲೆಬೇಳೆಗಿಂತ ಸಣ್ಣ ಸೆನ್ಸರ್ರು, ಚಿತ್ರಾನ ಸಾಫ್ಟ್‌ವೇರಲ್ಲಿ ಹಿಗ್ಗಿಸಿ ಆ ನಂಬರ್ ತೋರಿಸ್ತಾರೆ ಅಷ್ಟೇ. ನಿಮ್ಮ ಮಗಳು ಆಗಲೇ ಮೊಬೈಲಿನ ಕ್ವಾಲಿಟಿ ನೋಡಿದಾಳೆ, ಮೊದಲ ಸಂಜೆಯೇ ಅವಳಿಗೆ ಇದು ಮೊಬೈಲಿಗಿಂತ ಕಡೆ ಅಂತ ಗೊತ್ತಾಗತ್ತೆ, ನನಗೆ ಬರಲ್ಲ ಅಂದ್ಕೊಂಡು ಬಿಟ್ಬಿಡ್ತಾಳೆ. ತಪ್ಪು ಕ್ಯಾಮೆರಾದ್ದು ಅಂತ ಮಕ್ಕಳಿಗೆ ಹೊಳೆಯಲ್ಲ, ನನಗೆ ಇದರಲ್ಲಿ ತುಂಬಾ ಸಂಕಟ ಆಗೋದು ಅದೇ.

ಮಿರರ್‌ಲೆಸ್ ಬಗ್ಗೆ ಅಂಗಡಿಯವರು ಸುಳ್ಳು ಹೇಳ್ತಿಲ್ಲ. ಕ್ಯಾನನ್ ಆರ್50 ಥರದ್ದು ಹಕ್ಕಿಯನ್ನ ತಾನೇ ಗುರುತಿಸಿ ಫೋಕಸ್ ಹಿಡಿಯತ್ತೆ, ಚೆನ್ನಾಗಿದೆ. ಆದ್ರೆ ಬಾಡಿ ಮತ್ತೆ ಕಿಟ್ ಲೆನ್ಸಿಗೇ ನಿಮ್ಮ 40 ಸಾವಿರ ದಾಟತ್ತೆ, ಹಕ್ಕಿಗೆ ಬೇಕಾದ ಉದ್ದದ ಲೆನ್ಸು ಮುಂದಿನ ವರ್ಷಕ್ಕೆ ಅಂತಾಗತ್ತೆ. ನಿಮ್ಮ ಮಗಳ ತೊಂದರೆ ಇರೋದೇ ಹಕ್ಕಿ ಚುಕ್ಕಿಯಷ್ಟು ಕಾಣೋದ್ರಲ್ಲಿ. ಮೊಬೈಲಿನ ಮುಖ್ಯ ಕ್ಯಾಮೆರಾ ಸುಮಾರು 25 ಎಂಎಂ ಲೆನ್ಸು ನೋಡಿದಷ್ಟು ಅಗಲ ನೋಡತ್ತೆ, 70-300 ಲೆನ್ಸಿನ ಕೊನೇ ತುದಿ ಈ ನಿಕಾನ್ ಬಾಡಿಗಳ ಮೇಲೆ 450 ಎಂಎಂಗೆ ಸಮ, ಅಂದ್ರೆ ಅದೇ ಜಾಗದಲ್ಲಿ ನಿಂತು ತೆಗೆದ್ರೂ ಹಕ್ಕಿ ಹೆಚ್ಚುಕಮ್ಮಿ ಹದಿನೆಂಟು ಪಟ್ಟು ದೊಡ್ಡದಾಗಿ ಬೀಳತ್ತೆ. ಇನ್ನೊಂದು ಜಾತಿ ಇದೆ, ನಿಕಾನ್ ಪಿ950 ಥರದ ಸೂಪರ್‌ಜೂಮ್, 83 ಪಟ್ಟು ಜೂಮು, ಚಂದ್ರನ ಕುಳಿಗಳೂ ಕಾಣ್ತವೆ. ಬಜೆಟ್ ಮೀರತ್ತೆ, ಒಂದು ಕೆಜಿ ತೂಕ ಬೇರೆ, ಮತ್ತೆ ಅಷ್ಟು ಜೂಮ್ ಮಾಡಿದಾಗ ಹಕ್ಕಿ ಯಾವ ಕೊಂಬೆಯಲ್ಲಿದೆ ಅಂತ ಫ್ರೇಮಲ್ಲಿ ಹುಡುಕೋದೇ ದೊಡ್ಡವರಿಗೂ ಕಷ್ಟ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನೋಡಬೇಕಾದ್ದು ಸ್ವಲ್ಪ ಇದೆ, ನಿಧಾನವಾಗಿ ಓದಿ. ನಿಕಾನ್ ತೆಗೆದ ಪ್ರತಿ ಫೋಟೋ ಫೈಲಿನ ಒಳಗೂ ಆವರೆಗೆ ಎಷ್ಟು ಸಲ ಶಟರ್ ಬಿದ್ದಿದೆ ಅನ್ನೋ ಲೆಕ್ಕ ಇರತ್ತೆ, ಒಂದು ಫೋಟೋ ತೆಗೆಸಿ ಆ ಫೈಲನ್ನ ಶಟರ್ ಕೌಂಟ್ ತೋರಿಸೋ ಯಾವುದಾದ್ರೂ ಸೈಟಿಗೆ ಹಾಕಿದ್ರೆ ಬರತ್ತೆ. ಡಿ3500ರ ಶಟರ್ ಒಂದು ಲಕ್ಷ ಸಲಕ್ಕೆ ಅಂತ ಟೆಸ್ಟ್ ಆಗಿರೋದು, ಇಪ್ಪತ್ತು ಮೂವತ್ತು ಸಾವಿರ ಆಗಿದ್ರೆ ಯೋಚನೆ ಬೇಡ. ಲೆನ್ಸನ್ನ ಬಾಡಿಯಿಂದ ಬಿಚ್ಚಿಸಿ, ಮೊಬೈಲ್ ಟಾರ್ಚ್ ಹಿಂದಿನಿಂದ ಓರೆಯಾಗಿ ಹಿಡಿದು ಒಳಗೆ ನೋಡಿ, ಜೇಡರ ಬಲೆ ಥರ ಸಣ್ಣ ಎಳೆಗಳು ಕಂಡ್ರೆ ಅದು ಫಂಗಸ್ಸು, ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಅಪರ್ಚರನ್ನ, ಅಂದ್ರೆ ಲೆನ್ಸಿನೊಳಗೆ ಬೆಳಕು ಬರೋ ಕಿಂಡಿಯನ್ನ, ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯದೋ ಆಕಾಶದ್ದೋ ಒಂದು ಫೋಟೋ ತೆಗೆದ್ರೆ ಸೆನ್ಸರ್ ಮೇಲಿನ ಧೂಳು ಕಪ್ಪು ಮಚ್ಚೆಯಾಗಿ ಕಾಣತ್ತೆ, ಧೂಳಿಗೆ ಹೆದರಬೇಕಿಲ್ಲ, ಕ್ಲೀನ್ ಮಾಡಿಸಬಹುದು. ಲೆನ್ಸಿನ ಹೆಸರನ್ನ ಅಕ್ಷರ ಬಿಡದೆ ಓದಿ. 70-300ರಲ್ಲಿ ವಿಆರ್ ಇರೋದು ಇಲ್ಲದ್ದು ಎರಡೂ ಇವೆ, ಕೈ ನಡುಕ ತಡೆಯೋದು ವಿಆರ್ ಇರೋದೇ. ಹಳೇ ಎಎಫ್-ಡಿ ಲೆನ್ಸುಗಳು ತುಂಬಾ ಅಗ್ಗ ಅಂತ ಕೊಡೋಕೆ ಬರ್ತಾರೆ, ಈ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ, ಹಾಗಾಗಿ ಅವು ಆಟೋಫೋಕಸ್ ಆಗೋದೇ ಇಲ್ಲ. ಅದೇ ಥರ ಡಿ3200 ಇನ್ನೂ ಕಮ್ಮಿಗೆ ಸಿಕ್ತು ಅಂತ ತಗೊಂಡ್ರೆ ಅದರ ಮೇಲೆ ಎಎಫ್-ಪಿ ಲೆನ್ಸು ಫೋಕಸ್ ಆಗಲ್ಲ. ಬಾಡಿ ಲೆನ್ಸು ಎರಡೂ ಸೇರಿಸಿ ನಿಮ್ಮ ಕಣ್ಣೆದುರಿಗೇ ಫೋಕಸ್ ಮಾಡಿಸಿ ನೋಡಿ ಆಮೇಲೆ ದುಡ್ಡು ಕೊಡಿ, ದುಡ್ಡು ಮೊದಲೇ ಹಾಕಿ ಕೊರಿಯರ್ ಮಾಡ್ತೀನಿ ಅನ್ನೋರ ಹತ್ರ ತಗೋಬೇಡಿ.

ಫಂಗಸ್ ಮಾತು ಬಂತಲ್ಲ, ನೀವಿರೋದು ಶಿವಮೊಗ್ಗದಲ್ಲಿ, ಇದನ್ನ ಒತ್ತಿ ಹೇಳ್ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾನ ಅದರ ಬ್ಯಾಗಲ್ಲೇ ಬೀರುವಿನಲ್ಲಿಟ್ರೆ ಬಟ್ಟೆ ಬ್ಯಾಗು ತೇವ ಹೀರ್ಕೊಂಡು ಕೂತು ಒಂದೇ ಮಳೆಗಾಲದಲ್ಲಿ ಲೆನ್ಸು ಹಾಳಾಗಬಹುದು. ಅಡುಗೆಮನೆಗೆ ತರ್ತೀವಲ್ಲ ರಬ್ಬರ್ ಅಂಚಿರೋ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಅಂಥ ದೊಡ್ಡದೊಂದು ತಗೊಂಡು ಒಳಗೆ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸೋ ಸಣ್ಣ ಮೀಟರ್ ಸಿಗತ್ತೆ ಅದನ್ನೂ ಇಡಿ, 40ರಿಂದ 50 ಪರ್ಸೆಂಟ್ ಆಸುಪಾಸು ಇದ್ರೆ ಚೆನ್ನ. ಸಿಲಿಕಾ ಜೆಲ್‌ನಲ್ಲಿ ನೀಲಿ ಹರಳಿಂದು ಬೇಡ, ಅದರ ಬಣ್ಣಕ್ಕೆ ಬಳಸೋ ಕೋಬಾಲ್ಟ್ ಉಪ್ಪು ವಿಷ, ಮಗು ಮುಟ್ಟೋ ಡಬ್ಬಕ್ಕೆ ಕಿತ್ತಳೆ ಬಣ್ಣದ್ದು ತನ್ನಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದ್ರೆ ಮತ್ತೆ ಬರತ್ತೆ. ಮಳೇಲಿ ಹೋಗಿ ಬಂದ ದಿನ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಡಬ್ಬಕ್ಕೆ. ಈ ಕೆಲಸ ನೀವು ಮಾಡ್ಬೇಡಿ, ಅವಳ ಕೈಲೇ ಮಾಡಿಸಿ.

ಆ ಡಬ್ಬ ಎಲ್ಲಿಡ್ತೀರ ಅನ್ನೋದು ನನಗೆ ಮಾಡೆಲ್ಲಿಗಿಂತ ದೊಡ್ಡ ಪ್ರಶ್ನೆ. ಮಕ್ಕಳಿಗೆ ಕಲಿಸುವಾಗ ನಾನು ಮತ್ತೆ ಮತ್ತೆ ನೋಡೋದು ಇದನ್ನೇ, ಕ್ಯಾಮೆರಾ ಮಗುವಿನ ಹೆಸರಲ್ಲಿರತ್ತೆ, ಬೀಗದ ಕೈ ಅಪ್ಪನ ಹತ್ರ ಇರತ್ತೆ. ಬೀಳ್ಸಬೇಡ, ಹುಷಾರು, ಅದರ ಬೆಲೆ ಎಷ್ಟು ಗೊತ್ತಾ ಅಂತ ಹತ್ತು ಸಲ ಕೇಳಿಸ್ಕೊಂಡ ಮಗು ಎರಡೂ ಕೈಲಿ ಅದನ್ನ ಎದೆಗೆ ಒತ್ಕೊಂಡು ನಿಂತಿರತ್ತೆ, ಹಕ್ಕಿ ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತ ನಾನು ಹಠ ಹಿಡಿಯೋಕೆ ಉಳಿತಾಯಕ್ಕಿಂತ ಇದೇ ಕಾರಣ, ಮನೆಯವರು ಹೆದರದೇ ಇರೋಷ್ಟು ಬೆಲೆಯ ಕ್ಯಾಮೆರಾ ಬೇಕು. ಡಬ್ಬ ಅವಳ ಕೈಗೆ ಎಟುಕೋ ಶೆಲ್ಫಲ್ಲಿ ಇರಲಿ, ಕೇಳದೆ ತಗೊಳ್ಳೋ ಅಧಿಕಾರ ಇರಲಿ. ಎರಡೇ ಕಟ್ಟುನಿಟ್ಟು ಸಾಕು. ಒಂದು, ಕ್ಯಾಮೆರಾ ಕೈಗೆ ಬರೋಕೆ ಮುಂಚೆ ಸ್ಟ್ರಾಪ್ ಕುತ್ತಿಗೆಗೆ ಬರಬೇಕು, ಉದ್ದ ಕಮ್ಮಿ ಮಾಡಿ ಹೊಟ್ಟೆ ಮೇಲೆ ನಿಲ್ಲೋ ಹಾಗೆ ಹಾಕಿಕೊಡಿ. ಇನ್ನೊಂದು, ಕಣ್ಣಿಟ್ಟು ನೋಡೋ ಕಿಂಡಿ ಇದೆಯಲ್ಲ, ಆ ವ್ಯೂಫೈಂಡರ್‌ನಲ್ಲಿ ಸೂರ್ಯನನ್ನ ಯಾವತ್ತೂ ನೋಡಬಾರದು, ಅದರಲ್ಲೂ ದೊಡ್ಡ ಲೆನ್ಸಿನಲ್ಲಿ, ಗ್ರಹಣದ ದಿನ ಅಂತೂ ಕ್ಯಾಮೆರಾ ಮೇಲಕ್ಕೆ ಎತ್ತೋದೇ ಬೇಡ. ಕಣ್ಣು ಶಾಶ್ವತವಾಗಿ ಹೋಗಬಹುದು, ಇದನ್ನ ಅವಳಿಗೆ ಅರ್ಥ ಆಗೋ ಹಾಗೆ ಕಾರಣ ಸಮೇತ ಹೇಳಿ.

ಬೇರೆ ಸಾಮಾನು ಹೆಚ್ಚು ಬೇಡ. ಒಳ್ಳೆ ಕಂಪನಿಯ 32 ಜಿಬಿ ಕಾರ್ಡು, ಲೆನ್ಸಿಗೆ ಅಡ್ಡ ಬಿಸಿಲು ಬೀಳದ ಹಾಗೆ ಲೆನ್ಸ್ ಹುಡ್, ಧೂಳು ಊದೋಕೆ ಒಂದು ಬ್ಲೋವರ್, ಮೈಕ್ರೋಫೈಬರ್ ಬಟ್ಟೆ. ಟ್ರೈಪಾಡ್ ಈಗಲೇ ಬೇಡ. ಕನ್ನಡಕ ಹಾಕೋ ಮಗು ಆಗಿದ್ರೆ ವ್ಯೂಫೈಂಡರ್ ಪಕ್ಕ ಇರೋ ಡಯಾಪ್ಟರ್‌ನ ಅವಳ ಕಣ್ಣಿಗೆ ಸೆಟ್ ಮಾಡಿ, ಒಳಗಿನ ಅಕ್ಷರ ಸ್ಪಷ್ಟ ಕಾಣೋ ತನಕ ತಿರುಗಿಸಿದ್ರೆ ಆಯ್ತು, ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಿರಲ್ಲ.

ಇನ್ನು ಕಲಿಸೋದು. ನಿಮಗೆ ಏನೂ ಗೊತ್ತಿಲ್ಲ ಅಂದ್ರಿ, ಅದರಿಂದ ನಷ್ಟ ಇಲ್ಲ, ಜೊತೆಗೆ ಕಲಿಯೋ ಅಮ್ಮ ಸಿಕ್ಕಿದ್ರೆ ಮಗುವಿಗೆ ಅದಕ್ಕಿಂತ ಏನು ಬೇಕು. ಒಂದು ತಿಂಗಳು ಬರೀ ಆಟೋದಲ್ಲಿ ಬಿಡಿ, ಅದೂ 18-55 ಮಾತ್ರ ಹಾಕಿ. ದೊಡ್ಡ ಲೆನ್ಸು ಕೇಳ್ತಾಳೆ, ಕೇಳಲಿ, ಭಾನುವಾರ ಭಾನುವಾರ ಕೊಡಿ. ಆ ತಿಂಗಳು ಒಂದೇ ಪಾಠ, ಬೆಳಕು ಎಲ್ಲಿಂದ ಬರ್ತಿದೆ. ಅಜ್ಜಿ ಕಿಟಕಿ ಪಕ್ಕ ಕೂತು ಅವರೆಕಾಯಿ ಬಿಡಿಸ್ತಾ ಇರ್ತಾರೆ ಅಂದ್ಕೊಳ್ಳಿ, ಅಜ್ಜಿ ಕಿಟಕಿ ಕಡೆ ಮುಖ ಮಾಡಿದಾಗ ಒಂದು, ಕಿಟಕಿ ಅಜ್ಜಿಯ ಪಕ್ಕಕ್ಕಿದ್ದಾಗ ಒಂದು, ಬೆನ್ನ ಹಿಂದಿದ್ದಾಗ ಒಂದು ತೆಗೆಯೋಕೆ ಹೇಳಿ. ಮೂರನ್ನೂ ಸ್ಕ್ರೀನಲ್ಲಿ ಪಕ್ಕ ಪಕ್ಕ ನೋಡಿದಾಗ ಸುಕ್ಕು ಎಲ್ಲಿ ಎದ್ದು ಕಂಡಿತು, ಎಲ್ಲಿ ಮುಖ ಕಪ್ಪಾಯ್ತು ಅಂತ ಅವಳೇ ಹೇಳ್ತಾಳೆ. ಫ್ಲ್ಯಾಶ್ ಮಾತ್ರ ಆಫ್ ಮಾಡಿಡಿ, ಡಯಲ್‌ನಲ್ಲೇ ಫ್ಲ್ಯಾಶ್ ಆಫ್ ಗುರುತು ಇದೆ.

ಜೊತೆಗೆ ಎರಡು ಅಭ್ಯಾಸ ಮೈಗೆ ಹತ್ತಲಿ. ಒತ್ತೋ ಮುಂಚೆ ಫ್ರೇಮಿನ ನಾಲ್ಕು ಮೂಲೆ ಒಂದು ಸುತ್ತು ನೋಡೋದು, ಅಲ್ಲಿ ಕರೆಂಟ್ ತಂತಿ, ಬಕೆಟ್ಟು, ಅರ್ಧ ಚಪ್ಪಲಿ ಏನಾದ್ರೂ ನುಗ್ಗಿದ್ಯಾ ಅಂತ. ಮತ್ತೆ ಯಾರನ್ನ ತೆಗೀತಾ ಇದ್ದೀವೋ ಅವರ ಕಣ್ಣಿನ ಎತ್ತರಕ್ಕೆ ಇಳಿಯೋದು, ನಾಯಿಮರಿ ಆದ್ರೆ ನೆಲದ ಮೇಲೆ ಮಲಗೋದು. ಇದರಲ್ಲಿ ಮಕ್ಕಳಿಗೆ ನಮಗಿಂತ ಅನುಕೂಲ ಜಾಸ್ತಿ, ಬಟ್ಟೆ ಕೊಳೆ ಆಗತ್ತೆ ಅಂತ ಬೈಬೇಡಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಹಳೇ ಕಪ್ಪು ಬಿಳುಪು ಚಿತ್ರಗಳನ್ನ ಹುಡುಕಿ ತೋರಿಸಿ. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೀತು. ನಮ್ಮ ನಿಮ್ಮ ಥರದ ಬೀದಿಯ, ಅಂಗಳದ ಸಾಮಾನ್ಯ ಜನಾನೇ ಅವರ ಚಿತ್ರದಲ್ಲಿರೋದು. ಚೆನ್ನಾಗಿರೋ ಫೋಟೋ ಬೇಕಂದ್ರೆ ಎಲ್ಲೋ ದೂರ ಹೋಗ್ಬೇಕು ಅಂತ ಮಗು ಅಂದ್ಕೋಬಾರದು ಅಂದ್ರೆ ಅವರ ಚಿತ್ರ ನೋಡಬೇಕು.

ಎರಡನೇ ತಿಂಗಳು ಎಸ್ ಮೋಡ್, ಅದರಲ್ಲಿ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ನಾವು ಹೇಳ್ತೀವಿ, ಉಳಿದದ್ದು ಕ್ಯಾಮೆರಾ ನೋಡ್ಕೊಳ್ಳತ್ತೆ. ಅಪರ್ಚರ್, ಶಟರ್, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ) ಮೂರನ್ನೂ ತ್ರಿಕೋನ ಬರೆದು ಒಟ್ಟಿಗೆ ಕಲಿಸೋ ಪದ್ಧತಿ ಇದೆ, ದಯವಿಟ್ಟು ಬೇಡ, ಮಕ್ಕಳಿಗೆ ಅದು ಪರೀಕ್ಷೆ ಥರ ಆಗ್ಬಿಡತ್ತೆ. ಶಟರ್ ಮೊದಲು, ಯಾಕಂದ್ರೆ ಅದು ಕಣ್ಣಿಗೆ ಕಾಣತ್ತೆ. ಹಿತ್ತಲಲ್ಲಿ ನೆರಳಲ್ಲಿರೋ ನಲ್ಲಿ ಬಿಟ್ಟು 1/1000 ಸೆಕೆಂಡಲ್ಲಿ ಒಂದು, 1/15ರಲ್ಲಿ ಒಂದು. ಒಂದರಲ್ಲಿ ನೀರು ಮಣಿ ಮಣಿಯಾಗಿ ನಿಂತಿರತ್ತೆ, ಇನ್ನೊಂದರಲ್ಲಿ ರೇಷ್ಮೆ ಎಳೆ. ಆಟೋ ಐಎಸ್ಒ ಆನ್ ಇರಲಿ, ಮೇಲಿನ ಮಿತಿ 3200ಕ್ಕೆ ಕಟ್ಟಿಡಿ. ಶಟರ್ ಅರ್ಥ ಆದ್ಮೇಲೆ ಅಪರ್ಚರ್ ನಾವೇ ಇಡೋ ಎ ಮೋಡು, ಲೆನ್ಸನ್ನ 55ಕ್ಕೆ ಎಳೆದು ಎಫ್ 5.6ರಲ್ಲಿ ದಾಸವಾಳದ ಹತ್ತಿರ ಹೋಗಿ ಒಂದು ತೆಗೆದು, ಅದನ್ನೇ ಎಫ್ 16ರಲ್ಲಿ ಇನ್ನೊಂದು, ಹಿಂದಿನ ಕಾಂಪೌಂಡ್ ಗೋಡೆ ಯಾವುದರಲ್ಲಿ ಕಾಣತ್ತೆ ನೋಡು ಅಂದ್ರೆ ಸಾಕು. ಎಲ್ಲಾ ನಾವೇ ಇಡಬೇಕಾದ ಎಂ ಮೋಡಿಗೆ ಯಾವ ಅವಸರವೂ ಇಲ್ಲ.

ಹಕ್ಕಿಗೆ ಬಂದ್ರೆ, ಎಸ್ ಮೋಡಲ್ಲಿ 1/1000, ಹಾರೋದಕ್ಕೆ 1/2000, ಫೋಕಸ್ ಎಎಫ್-ಸಿ (ಹಕ್ಕಿ ಅಲುಗಾಡಿದ್ರೂ ಫೋಕಸ್ ಹಿಂಬಾಲಿಸೋದು), ಫೋಕಸ್ ಪಾಯಿಂಟು ಮಧ್ಯದ್ದು ಒಂದೇ, ಅದನ್ನ ಹಕ್ಕಿಯ ಕಣ್ಣಿನ ಮೇಲೆ ಇಡೋದು. ಈ ಬಾಡಿಗಳಲ್ಲಿರೋ ಹನ್ನೊಂದು ಪಾಯಿಂಟಲ್ಲಿ ಮಧ್ಯದ್ದೇ ಗಟ್ಟಿ. ಎಡಗೈ ಲೆನ್ಸಿನ ಕೆಳಗೆ, ಮೊಣಕೈ ಎರಡೂ ಪಕ್ಕೆಗೆ ಒತ್ತಿರಬೇಕು. ಸ್ಕ್ರೀನ್ ನೋಡಿ ತೆಗೆಯೋದು ಈ ಕ್ಯಾಮೆರಾಗಳಲ್ಲಿ ನಿಧಾನ, ವ್ಯೂಫೈಂಡರಲ್ಲೇ ನೋಡೋ ರೂಢಿ ಆಗಲಿ. ಹಿತ್ತಲಿನ ಪಿಕಳಾರ, ಮಡಿವಾಳ ಹಕ್ಕಿಗಳಿಂದ ಶುರು ಮಾಡಿ, ಸೂರಕ್ಕಿ ಸಣ್ಣದು ಚುರುಕು, ಅದು ಆಮೇಲೆ. ಹಕ್ಕಿ ಹಿಂದೆ ಓಡೋದಕ್ಕಿಂತ ಅದು ದಿನಾ ಬಂದು ಕೂರೋ ಕೊಂಬೆ ಗುರುತು ಮಾಡಿ, ಬೆಳಕು ಬೆನ್ನ ಕಡೆಯಿಂದ ಬೀಳೋ ಹಾಗೆ ಮೊದಲೇ ಕೂತಿದ್ರೆ ಅರ್ಧ ಕೆಲಸ ಮುಗೀತು.

ಆ ಉಳಿದ ದುಡ್ಡು ಅಂದ್ನಲ್ಲ, ಅದು ಓಡಾಟಕ್ಕೆ ಮತ್ತೆ ಪ್ರಿಂಟಿಗೆ. ನಿಮ್ಮೂರಿಂದ ತೀರ್ಥಹಳ್ಳಿ ರಸ್ತೇಲಿ ಸಕ್ರೆಬೈಲು ಆನೆ ಬಿಡಾರ ಇದೆ, ಇನ್ನೂ ಮುಂದೆ ಹೋದ್ರೆ ಮಂಡಗದ್ದೆ, ಎರಡಕ್ಕೂ ಒಂದೇ ಬೆಳಗ್ಗೆ ಸಾಕು. ಮಂಡಗದ್ದೇಲಿ ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರ್ತವೆ, ರಸ್ತೆ ಪಕ್ಕದ ವೀಕ್ಷಣಾ ಗೋಪುರದಿಂದಲೇ ಕಾಣತ್ತೆ, ಮಗುವಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಬೇಕಿಲ್ಲ. ಅಲ್ಲಿ ಒಂದು ವಿಷಯ ತಾನಾಗೇ ಎದುರಾಗತ್ತೆ, ಕಡು ಹಸಿರು ಮರದ ಮೇಲಿನ ಬೆಳ್ಳಕ್ಕಿ ಫೋಟೋದಲ್ಲಿ ಸುಣ್ಣ ಬಳಿದ ಹಾಗೆ ಬರತ್ತೆ, ಗರಿ ಒಂದೂ ಕಾಣಲ್ಲ. ಕ್ಯಾಮೆರಾ ಕತ್ತಲಾದ ಮರಾನ ನೋಡಿ ಬೆಳಕು ಜಾಸ್ತಿ ಮಾಡಿರತ್ತೆ ಅಷ್ಟೇ. ಪ್ಲಸ್ ಮೈನಸ್ ಬಟನ್ ಒತ್ತಿ ಮೈನಸ್ ಒಂದಕ್ಕೆ ತಂದ್ರೆ ಗರಿ ಗರಿ ಬಿಡಿಸಿ ಕಾಣತ್ತೆ. ಸಕ್ರೆಬೈಲಿನಲ್ಲಿ ಬೆಳಗ್ಗೆ ಸ್ನಾನ ಮಾಡೋ ಆನೆಗಳು ಫ್ರೇಮ್ ತುಂಬಿದಾಗಲೂ ಇದೇ ಕಥೆ, ಒದ್ದೆ ಕಪ್ಪು ಮೈ ಬೂದು ಬಣ್ಣಕ್ಕೆ ತಿರುಗತ್ತೆ, ಅಲ್ಲೂ ಮೈನಸ್ಸೇ. ಈ ಒಂದು ಬಟನ್ ಅರ್ಥ ಆದ ಮಗು ಆಟೋದಿಂದ ಹೊರಗೆ ಬಂದ ಹಾಗೆ.

ಹಕ್ಕಿ ಫೋಟೋದಲ್ಲಿ ನೀತಿಯೂ ಮೊದಲ ದಿನದಿಂದಲೇ ಬರಬೇಕು. ಮನೆ ಹತ್ತಿರದ ಗೂಡಿಗೆ ಮುಖ ಹಾಕಿ ತೆಗೆಯೋದು ಬೇಡ, ಚೆನ್ನಾಗಿ ಕಾಣಲಿ ಅಂತ ಅಡ್ಡ ಇರೋ ಎಲೆ ಕೊಂಬೆ ಕೀಳೋದು ಬೇಡ, ಎಲೆ ಹೋದ್ರೆ ಮರಿಗಳ ಮೇಲೆ ಬಿಸಿಲು ಬೀಳತ್ತೆ, ಕಾಗೆ ಕಣ್ಣಿಗೂ ಬೀಳತ್ತೆ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಬೇಡ. ಜನರ ಫೋಟೋ ಆದ್ರೆ ಕೇಳಿ ತೆಗೆಯೋದು, ಬೇಡ ಅಂದ್ರೆ ಕ್ಯಾಮೆರಾ ಇಳಿಸೋದು.

ಸಂಜೆ ಇಬ್ರೂ ಕೂತು ನೋಡಿ. ಇನ್ನೂರು ತೆಗೆದಿರ್ತಾಳೆ, ಅದರಲ್ಲಿ ಐದು ಅವಳೇ ಆರಿಸಲಿ, ಡಿಲೀಟ್ ಮಾಡೋದೂ ಅವಳೇ. ನಿಮಗೆ ಚೆಂದ ಕಂಡದ್ದನ್ನ ಅವಳು ಬಿಟ್ರೆ ಯಾಕೆ ಅಂತ ಕೇಳಿ, ವಾದ ಮಾಡ್ಬೇಡಿ. ಸೊಟ್ಟಗಿದೆ, ತಲೆ ಕಟ್ ಆಗಿದೆ ಅನ್ನೋದರ ಬದಲು, ಇದನ್ನ ನೋಡಿದ ತಕ್ಷಣ ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯ್ತು ಅಂತ ಕೇಳಿ, ಹಕ್ಕಿಗೆ ಹೋಗದೆ ಹಿಂದಿನ ಕೆಂಪು ಬಕೆಟ್ಟಿಗೆ ಹೋಗಿದ್ರೆ ಅವಳಿಗೇ ಗೊತ್ತಾಗತ್ತೆ. ತಿಂಗಳಿಗೊಮ್ಮೆ ಹತ್ತು ಫೋಟೋ ಸ್ಟುಡಿಯೋಗೆ ಕೊಟ್ಟು 4x6 ಪ್ರಿಂಟ್ ಹಾಕಿಸಿ, ಹಿಂದೆ ತಾರೀಕು, ಜಾಗ, ಹಕ್ಕಿ ಹೆಸರು ಅವಳ ಅಕ್ಷರದಲ್ಲಿ ಬರೀಲಿ. ಸ್ಕ್ರೀನಲ್ಲಿ ಹೋಗ್ತಾ ಹೋಗ್ತಾ ತಳ್ಳಿಬಿಡೋ ಫೋಟೋನ ಕೈಯಲ್ಲಿ ಹಿಡಿದಾಗ ಮಕ್ಕಳು ನೋಡೋ ರೀತಿಯೇ ಬೇರೆ. ಸೋಶಿಯಲ್ ಮೀಡಿಯಾ, ಲೈಕು, ಕಾಂಪಿಟಿಷನ್ನು ಇದ್ಯಾವುದೂ ಈಗ ಬೇಡ.

ಕೊನೇದು ಕ್ಲಾಸು. ಈಗಲೇ ಬೇಡ, ಒಂದು ವರ್ಷ ಹೀಗೇ ನಡೀಲಿ. ಆಮೇಲೂ ಆಸಕ್ತಿ ಇದ್ರೆ ಸರ್ಟಿಫಿಕೇಟ್ ಕೊಡೋ ಕೋರ್ಸಿಗಿಂತ ಪಕ್ಷಿ ವೀಕ್ಷಣೆಗೆ ಹೋಗೋರ ಗುಂಪು ನಿಮ್ಮೂರಲ್ಲೇ ಯಾರಾದ್ರೂ ಇದ್ದಾರಾ ವಿಚಾರಿಸಿ, ನೀವೂ ಜೊತೆಗೆ ಹೋಗಿ. ಬೆಂಗಳೂರಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅಂತ ಇದೆ, ರಜೆಯಲ್ಲಿ ಆ ಕಡೆ ಬಂದಾಗ ಅವರ ಪ್ರದರ್ಶನ ಏನಾದ್ರೂ ನಡೀತಿದ್ರೆ ಕರ್ಕೊಂಡು ಹೋಗಿ, ದೊಡ್ಡ ಪ್ರಿಂಟುಗಳ ಮುಂದೆ ಎಷ್ಟು ಹೊತ್ತು ನಿಲ್ತಾಳೋ ನಿಲ್ಲೋಕೆ ಬಿಡಿ. ಕ್ಯಾಮೆರಾ ನೋಡೋಕೆ ಹೋದಾಗ ಲೆನ್ಸಿನ ಮೇಲೆ ಬರೆದಿರೋ ಹೆಸರಿನ ಫೋಟೋ ಮತ್ತೆ ಶಟರ್ ಕೌಂಟ್ ನನಗೆ ಕಳಿಸಿ, ತಗೋಬಹುದಾ ಬೇಡವಾ ಅಂತ ನೋಡಿ ಹೇಳ್ತೀನಿ.